ಉಳುಕಿದ ಕಾಲಿಗೆ ಮೂರು ಅಳತೆಗಳು: ಸೊಂಟದ ಸೆನ್ಸರ್, ಕ್ಲಿನಿಕ್ಕಿನ ಹಲಗೆ, ಫೋನಿನ ಸ್ಲೋ ಮೋಷನ್

ಕಳೆದ ದೀಪಾವಳಿ ಮುಗಿದ ವಾರ, ಕೊಪ್ಪಳದಲ್ಲಿ ನಾವು ಸಂಜೆ ಆಡುವ ವಾಲಿಬಾಲ್ ಅಂಗಳದಲ್ಲಿ ಬ್ಲಾಕ್ ಮಾಡಲು ಜಿಗಿದು ಇಳಿಯುವಾಗ, ನನ್ನ ಎಡಗಾಲು ಎದುರು ತಂಡದವರೊಬ್ಬರ ಪಾದದ ಮೇಲೆ ಬಿದ್ದು ಒಳಮುಖವಾಗಿ ಮಡಚಿಕೊಂಡಿತು. ವಾಲಿಬಾಲ್ ಆಡುವವರ ಕಣಕಾಲು ಉಳುಕುವುದು ಬಹಳ ಸಲ ಹೀಗೆಯೇ, ನೆಟ್ಟಿನ ಬುಡದಲ್ಲಿಯೇ. ಎಕ್ಸ್‌ರೇಯಲ್ಲಿ ಮೂಳೆ ಮುರಿದಿರಲಿಲ್ಲ, ಹೊರಬದಿಯ ಲಿಗಮೆಂಟಿಗೆ ಪೆಟ್ಟಾಗಿತ್ತು. ಊತ ಇಳಿದು ನಡೆಯಲು ಬಂದ ಮೇಲೆ, ಆಟಕ್ಕೆ ಯಾವಾಗ ಮರಳಬಹುದು ಎಂಬುದನ್ನು ತಿಳಿಯಲು ಮೂರು ಡಿಜಿಟಲ್ ದಾರಿಗಳನ್ನು ಹಿಡಿದೆ. ಕೈಹಿಡಿದದ್ದು ಮನೆಯಲ್ಲಿದ್ದ ಫೋನು. ಹಣ ಸುರಿದದ್ದು ಮಾತ್ರ ಬೇರೆಯದಕ್ಕೆ.

ಆ ಬೇರೆಯದು ಸೊಂಟಕ್ಕೆ ಕಟ್ಟಿಕೊಳ್ಳುವ ಒಂದು ಸೆನ್ಸರ್. 4,200 ರೂಪಾಯಿ ಕೊಟ್ಟು ತರಿಸಿದೆ. ಎರಡೂ ಕಾಲಿನ ಮೇಲೆ ನಿಂತು ಮೂರು ಸಲ ಜಿಗಿದರೆ ಎತ್ತರವನ್ನು ಲೆಕ್ಕ ಹಾಕಿ, ಅದರ ಆ್ಯಪ್ ಕೆಂಪು, ಹಳದಿ ಅಥವಾ ಹಸಿರು ಬಣ್ಣ ತೋರಿಸುತ್ತಿತ್ತು. ನಾಲ್ಕನೆಯ ವಾರಕ್ಕೆ ಹಸಿರು ಬಂತು, ನಾನು ಅಂಗಳಕ್ಕಿಳಿದೆ, ಎರಡನೆಯ ಸಂಜೆಯೇ ಅದೇ ಕಾಲು ಮತ್ತೆ ಹೊರಳಿತು. ಕಾರಣ ಸರಳವಾಗಿತ್ತು: ಎರಡೂ ಕಾಲಿನಿಂದ ಜಿಗಿಯುವಾಗ ಗಟ್ಟಿಯಿರುವ ಬಲಗಾಲು ಎಡಗಾಲಿನ ಪಾಲಿನ ಕೆಲಸವನ್ನೂ ತಾನೇ ಹೊತ್ತುಕೊಳ್ಳುತ್ತದೆ, ಒಟ್ಟು ಎತ್ತರದಲ್ಲಿ ಆ ಕೊರತೆ ಕಾಣಿಸುವುದೇ ಇಲ್ಲ. ಒಂಟಿಗಾಲಿನ ಜಿಗಿತದ ಮಾತು ಅದರ ಕೈಪಿಡಿಯಲ್ಲಿ ಒಂದು ಸಾಲೂ ಇರಲಿಲ್ಲ.

ಎರಡನೆಯದು ಬಳ್ಳಾರಿಯ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿದ್ದ ಜಿಗಿಯುವಾಗ ಪಾದ ನೆಲಕ್ಕೆ ಹಾಕುವ ಬಲವನ್ನು ಅಳೆಯುವ ಹಲಗೆ. ಮೂರರಲ್ಲಿ ಅತ್ಯಂತ ನಿಖರವಾದುದು ಅದೇ ಎಂಬುದರಲ್ಲಿ ನನಗೆ ಸಂಶಯವಿಲ್ಲ. ತೋರಣಗಲ್ಲಿನ ಬಳಿಯ ವಿಜಯನಗರದಲ್ಲಿ, ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿ ತರಬೇತಿ ಪಡೆಯುವ ಕುಸ್ತಿ, ಬಾಕ್ಸಿಂಗ್ ಪಟುಗಳಿಗಾದರೆ ಕ್ರೀಡಾ ವಿಜ್ಞಾನದ ನೆರವು ಅಂಗಳದ ಪಕ್ಕದಲ್ಲಿಯೇ ಸಿಗುತ್ತದೆ. ನನಗೆ ಪ್ರತಿ ಅಳತೆಗೂ ಒಂದು ದಿನದ ರಜೆ ಮತ್ತು ಹೊಸಪೇಟೆ ದಾಟಿ ಹೋಗಿಬರುವ ಪ್ರಯಾಣ. ಎರಡು ಸಲ ಹೋಗಿ ನಿಲ್ಲಿಸಿದೆ.

ಫೋನಿನ ಉಪಾಯವನ್ನು ಹೇಳಿಕೊಟ್ಟವರು ಆ ಕ್ಲಿನಿಕ್ಕಿನ ಫಿಸಿಯೋಥೆರಪಿಸ್ಟೇ. ಒಂಟಿಗಾಲಿನಲ್ಲಿ ಜಿಗಿಯುವುದನ್ನು ಸ್ಲೋ ಮೋಷನ್‌ನಲ್ಲಿ ಚಿತ್ರಿಸಿ, ಬೆರಳು ನೆಲ ಬಿಟ್ಟ ಫ್ರೇಮಿನಿಂದ (ಫ್ರೇಮೆಂದರೆ ವಿಡಿಯೊದ ಒಂದೊಂದು ಬಿಡಿ ಚಿತ್ರ) ಮತ್ತೆ ನೆಲ ಮುಟ್ಟಿದ ಫ್ರೇಮಿನವರೆಗೆ ಎಣಿಸಿದರೆ ಗಾಳಿಯಲ್ಲಿದ್ದ ಸಮಯ ಸಿಗುತ್ತದೆ. ಆ ಸೆಕೆಂಡುಗಳ ವರ್ಗವನ್ನು 9.81ರಿಂದ ಗುಣಿಸಿ 8ರಿಂದ ಭಾಗಿಸಿದರೆ ಎತ್ತರ ಮೀಟರಿನಲ್ಲಿ ಬರುತ್ತದೆ. ಐಫೋನಿನ 'ಮೈ ಜಂಪ್' ಆ್ಯಪ್ ಮಾಡುವುದೂ ಇದನ್ನೇ. ಅದನ್ನು ಪ್ರಯೋಗಾಲಯದ ಹಲಗೆಯೊಂದಿಗೆ ಹೋಲಿಸಿ ನೋಡಿದ ಅಧ್ಯಯನ 2015ರಲ್ಲಿಯೇ ಪ್ರಕಟವಾಗಿದೆ. ನನ್ನದು ಅಗ್ಗದ ಆಂಡ್ರಾಯ್ಡ್ ಆದ್ದರಿಂದ, ಒಂದೊಂದೇ ಫ್ರೇಮ್ ಸರಿಸಬಲ್ಲ ಉಚಿತ ಪ್ಲೇಯರೊಂದರಲ್ಲಿ ಎಣಿಸಿದೆ.

ಇಲ್ಲಿಯೇ ಒಂದು ವಾರ ನನ್ನನ್ನು ಸತಾಯಿಸಿದ ತೊಡಕು ಎದುರಾಯಿತು. ಮೊದಲ ಲೆಕ್ಕದ ಪ್ರಕಾರ ನಾನು ಬಲಗಾಲೊಂದರಲ್ಲಿಯೇ 2.18 ಮೀಟರ್ ಜಿಗಿದಿದ್ದೆ. ಪುರುಷರ ವಾಲಿಬಾಲ್ ನೆಟ್ಟಿನ ಎತ್ತರ 2.43 ಮೀಟರ್, ಇನ್ನೊಂದು ಗೇಣು ಜಿಗಿದಿದ್ದರೆ ನೆಟ್ಟಿನ ಮೇಲೆಯೇ ನಿಲ್ಲಬಹುದಿತ್ತೆಂದು ಮನೆಯವರೆಲ್ಲ ನಕ್ಕರು. ನನ್ನ ಫೋನು ಸೆಕೆಂಡಿಗೆ 120 ಫ್ರೇಮ್ ಚಿತ್ರಿಸಿದರೂ ಫೈಲನ್ನು 30 ಫ್ರೇಮಿನದೆಂದು ಉಳಿಸುತ್ತಿತ್ತು. ಹೀಗಾಗಿ ಪ್ಲೇಯರ್ ತೋರಿಸುವ ಸಮಯ ನಾಲ್ಕು ಪಟ್ಟಾಗುತ್ತಿತ್ತು, ಸಮಯದ ವರ್ಗ ತೆಗೆದುಕೊಳ್ಳುವುದರಿಂದ ಎತ್ತರ ಹದಿನಾರು ಪಟ್ಟಾಗುತ್ತಿತ್ತು.

ಬಾಮೈದನ ಫೋನಿನಲ್ಲಿ 240 ಎಂದು ಬರೆದಿತ್ತು, ಅದನ್ನು ಬೇಡಿ ತಂದೆ. ಅದರಲ್ಲಿ ಎರಡೆರಡು ಫ್ರೇಮುಗಳು ಕೂದಲೆಳೆಯ ವ್ಯತ್ಯಾಸವಿಲ್ಲದೆ ಒಂದೇ ಆಗಿದ್ದವು. ನಿಜವಾಗಿ 120 ಚಿತ್ರಿಸಿ ಪ್ರತಿಯೊಂದನ್ನೂ ಎರಡು ಸಲ ಬರೆಯುತ್ತಿತ್ತು. ಕೊನೆಗೆ ಫಿಸಿಯೋ ಅವರು ತೋರಿಸಿದ ದಾರಿ ಇದು: ಇನ್ನೊಂದು ಫೋನಿನಲ್ಲಿ ಸ್ಟಾಪ್‌ವಾಚ್ ಓಡಿಸಿ, ಅದನ್ನು ಸ್ಲೋ ಮೋಷನ್‌ನಲ್ಲಿ ಚಿತ್ರಿಸಿ, ಒಂದು ಸೆಕೆಂಡ್ ಕಳೆಯುವಷ್ಟರಲ್ಲಿ ಎಷ್ಟು ಬೇರೆ ಬೇರೆ ಫ್ರೇಮುಗಳಿವೆ ಎಂದು ಕೈಯಾರೆ ಎಣಿಸುವುದು. ಎಣಿಸಿದಾಗ 120 ಬಂತು. ಅಂದಿನಿಂದ ಪರದೆಯ ಮೇಲಿನ ಸಮಯವನ್ನು ನೋಡುವುದನ್ನೇ ಬಿಟ್ಟು, ಫ್ರೇಮುಗಳನ್ನು 120ರಿಂದ ಭಾಗಿಸುತ್ತೇನೆ. ಟ್ಯೂಬ್‌ಲೈಟಿನ ಕೆಳಗೆ ವಿಡಿಯೊ ಮಿನುಗಿ ಬೆರಳಿನ ತುದಿ ಕಾಣಿಸದಾಗುವುದರಿಂದ ಬೆಳಗಿನ ಬಿಸಿಲಿನಲ್ಲಿಯೇ ಚಿತ್ರಿಸಬೇಕು. ಇಳಿಯುವಾಗ ಮೊಣಕಾಲು ಮಡಚಿದರೆ ನೆಲ ಮುಟ್ಟುವುದು ತಡವಾಗಿ ಎತ್ತರ ಹೆಚ್ಚು ತೋರುತ್ತದೆ. ಹೆದರಿದ ಎಡಗಾಲು ಮಡಚಿಕೊಂಡೇ ಇಳಿಯುತ್ತಿದ್ದುದರಿಂದ ಎಷ್ಟೋ ಜಿಗಿತಗಳನ್ನು ಲೆಕ್ಕದಿಂದ ಬಿಟ್ಟೆ.

ಎರಡನೆಯ ಪೆಟ್ಟಿನ ನಂತರ ಐದನೆಯ ವಾರದಲ್ಲಿ ಬಲಗಾಲಿಗೆ 40 ಫ್ರೇಮ್, ಎಡಗಾಲಿಗೆ 34. ಎತ್ತರಕ್ಕೆ ಇಳಿಸಿದರೆ 13.6 ಮತ್ತು 9.8 ಸೆಂಟಿಮೀಟರ್, ಅಂದರೆ ಎಡಗಾಲು ಬಲಗಾಲಿನ ಶೇ. 72 ಮಾತ್ರ. ಗಾಯವಾದ ಕಾಲು ಇನ್ನೊಂದರ ಶೇ. 90ರಷ್ಟಾದರೂ ಮುಟ್ಟಬೇಕೆಂಬುದು ಫಿಸಿಯೋಗಳಲ್ಲಿ ರೂಢಿಯಲ್ಲಿರುವ ಲೆಕ್ಕ. ಹತ್ತನೆಯ ವಾರ ಎಡಗಾಲಿಗೆ 38 ಫ್ರೇಮ್ ಬಂದಾಗ ಅದು ಸರಿಯಾಗಿ ಶೇ. 90 ಮುಟ್ಟಿತು.

ಕಣಕಾಲು ಎಷ್ಟು ಬಾಗುತ್ತದೆಂದು ನೋಡಲು ಗೋಡೆಗೆ ಮೊಣಕಾಲು ತಾಗಿಸುವ ಪರೀಕ್ಷೆಯಲ್ಲಿ ಮೊಣಕಾಲಿನ ಕೆಳಗಿನ ಎಲುಬಿನ ಮೇಲೆ ಫೋನಿಟ್ಟು ಕೋನ ಅಳೆಯುವುದೂ ಉಂಟು. ಹಿಮ್ಮಡಿ ಏಳದಂತೆ ನೋಡಿಕೊಂಡರೆ ಹೆಬ್ಬೆರಳಿಗೂ ಗೋಡೆಗೂ ಇರುವ ದೂರವನ್ನು ದರ್ಜಿಯ ಟೇಪೇ ಹೇಳುತ್ತದೆ, ಫೋನು ಬೇಕಾಗಿಲ್ಲ.

ವಾರಕ್ಕೆ ಎರಡು ಬೆಳಗ್ಗೆ ಕಾಲು ಗಂಟೆ ಕೂತು ಫ್ರೇಮ್ ಎಣಿಸುವ ತಾಳ್ಮೆ ಇರುವವರಿಗೆ ಫೋನು ಸಾಕು. ನನ್ನ ಸಂಬಳಕ್ಕೂ ಅದೇ ಹೊಂದುತ್ತದೆ. ಆದರೆ ಯಾವ ಸಾಧನವೂ ಅಳೆಯದ ಒಂದು ಸಂಗತಿಯನ್ನು, ಕಣಕಾಲು ಎಷ್ಟು ಸ್ಥಿರವೆನಿಸುತ್ತದೆಂದು ಕೇಳುವ, ಒಂಬತ್ತು ಪ್ರಶ್ನೆಗಳಿಗೆ 30 ಅಂಕವಿರುವ (ಅಂಕ ಹೆಚ್ಚಿದಷ್ಟೂ ಒಳ್ಳೆಯದು) ಕಂಬರ್ಲೆಂಡ್ ಪ್ರಶ್ನಾವಳಿ ಬಯಲಿಗೆಳೆಯಿತು. ಜಿಗಿತ ಶೇ. 90 ಮುಟ್ಟಿದ ವಾರವೂ ನನಗೆ ಬಂದದ್ದು 21 ಅಂಕ. ಇಳಿಜಾರಿನಲ್ಲಿ, ಸರಕ್ಕನೆ ತಿರುಗುವಾಗ ಕಾಲು ಕೈಕೊಡುತ್ತದೆಂಬ ಅಳುಕು ಹಾಗೆಯೇ ಇತ್ತು. ಆದ್ದರಿಂದ ಈಗ ಕಣಕಾಲಿಗೆ ಆಸರೆಯಾಗಿ ಲೇಸ್ ಕಟ್ಟುವ ಬ್ರೇಸ್ ಹಾಕಿಕೊಂಡು ಹಿಂದಿನ ಸಾಲಿನಲ್ಲಿ ಮಾತ್ರ ಆಡುತ್ತಿದ್ದೇನೆ, ಬ್ಲಾಕ್ ಮಾಡುವ ಜಾಗವನ್ನು ಬಾಮೈದನಿಗೆ ಬಿಟ್ಟುಕೊಟ್ಟಿದ್ದೇನೆ.