ಆಂಟೆನಾ, ಕೇಬಲ್, ಎಸ್‌ಟಿಡಿ ಬೂತು

ಕಳೆದ ಭಾನುವಾರ ಅಕ್ಕನ ಮಗ ಯೂಟ್ಯೂಬಿನಲ್ಲಿ ಸೂಪರ್‌ಹಿಟ್ ಮುಕಾಬಲಾ ಅನ್ನೋ ಟಿವಿ ಹಾಡಿನ ಕಾರ್ಯಕ್ರಮದ ಹಳೇ ತುಣುಕೊಂದನ್ನು ಹಾಕಿ, "ಮಾಮ, ಇದಕ್ಕಾ ನೀವೆಲ್ಲ ಬಾಯಿ ಬಿಟ್ಕೊಂಡು ಕಾಯ್ತಿದ್ದಿದ್ದು?" ಅಂತ ಕೇಳಿದ. ಹೌದು, ಇದಕ್ಕೇ. ಸ್ವಲ್ಪ ನಾಚಿಕೆಯಾಯಿತು. ಅವನು ಎದ್ದು ಹೋದ ಮೇಲೆ ಪೂರ್ತಿ ನೋಡಿದೆ. ಹಾಗೇ ಹಳೇದನ್ನೆಲ್ಲ ಒಂದೊಂದಾಗಿ ತೂಗಿ ನೋಡೋಣ ಅನಿಸಿತು.

ಮೊದಲು ಚಿತ್ರಮಂಜರಿ. ಬೆಂಗಳೂರು ದೂರದರ್ಶನದ್ದು, ಕನ್ನಡ ಸಿನಿಮಾ ಹಾಡುಗಳು. ತುಮಕೂರಿನಿಂದ ಬೆಂಗಳೂರು 70 ಕಿಲೋಮೀಟರ್. ಆ ದೂರ ನನಗೆ ಗೊತ್ತಾಗಿದ್ದು ಬಸ್ಸಿನಲ್ಲಲ್ಲ, ನಮ್ಮ ತಾರಸಿ ಮೇಲೆ. ನಾನು ಆಂಟೆನಾ ಕಂಬ ಹಿಡಿದು ತಿರುಗಿಸಬೇಕು, ತಂಗಿ ಕಿಟಕಿಯಿಂದ ಕೂಗಬೇಕು. "ಬಂತಾ?" "ಬಂತು, ಬಂತು... ಅಯ್ಯೋ, ಹೋಯ್ತು!" ಕಂಬ ಬಿಟ್ಟರೆ ಚಿತ್ರ ಹೋಗುತ್ತಿತ್ತು. ಹಾಗಾಗಿ ಚಿತ್ರ ಮನೆಯವರಿಗೆ, ಬರೀ ಮಂಜರಿ ನನಗೆ. ಎಷ್ಟೋ ಡ್ಯುಯೆಟ್‌ಗಳಲ್ಲಿ ನಾಯಕಿಯ ಸೀರೆ ಯಾವ ಬಣ್ಣದ್ದು ಅಂತ ನನಗೆ ಗೊತ್ತಾಗಿದ್ದು ಈಗ, ಮೊಬೈಲಿನಲ್ಲಿ. ಹಳೇ ಹಾಡು ಬಂದರೆ ಅಜ್ಜಿಗೆ ಖುಷಿ. ಹೊಸ ಹಾಡಿಗೆ ನಾವು ಕಾಯುತ್ತಾ ಕೂತರೆ ಅಷ್ಟೊತ್ತಿಗೆ ಕರೆಂಟು ಹೋಗುತ್ತಿತ್ತು.

ಬುಧವಾರದ ಚಿತ್ರಹಾರ್ ಪೂರ್ತಿ ಹಿಂದಿ. ಅರ್ಧ ಅರ್ಥವಾಗುತ್ತಿರಲಿಲ್ಲ. ಆದರೂ ಹೋಂವರ್ಕಿಗಿಂತ ವಾಸಿ.

ಬೀದಿಗೆ ಕೇಬಲ್ ಬಂದ ಮೇಲೆ ತಾರಸಿ ಡ್ಯೂಟಿ ತಪ್ಪಿತು, ದೂರದರ್ಶನದ ಡಿಡಿ ಮೆಟ್ರೋ ಚಾನೆಲ್ಲಿನ ಸೂಪರ್‌ಹಿಟ್ ಮುಕಾಬಲಾ ಸಿಕ್ಕಿತು. ರ್ಯಾಪ್ ಹಾಡುಗಾರ ಬಾಬಾ ಸೆಹಗಲ್ ನಿರೂಪಕ. ಯಾವ ಹಾಡು ಎಷ್ಟನೇ ನಂಬರು ಅನ್ನೋದನ್ನು ನಾನು ಗಣಿತದ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬರೆದಿಡುತ್ತಿದ್ದೆ. ಆ ಪುಸ್ತಕದಲ್ಲಿ ಲೆಕ್ಕ ಸರಿಯಾಗಿದ್ದಿದ್ದು ಅದೊಂದೇ. ಸೆಹಗಲ್ ಅವರ 'ಠಂಡಾ ಠಂಡಾ ಪಾನಿ' 1992ರದ್ದು. ಅಮೆರಿಕದ ವೆನಿಲ್ಲಾ ಐಸ್ ಹಾಡಿದ 'ಐಸ್ ಐಸ್ ಬೇಬಿ'ಯೇ ಕರಗಿ ನಮ್ಮಲ್ಲಿ ತಣ್ಣೀರಾಗಿದೆ ಅಂತ ಆಗ ನಮಗೇನು ಗೊತ್ತು? ಈಗ ಆ ಕಾರ್ಯಕ್ರಮ ನೋಡಿದರೆ ಹಾಡಿಗಿಂತ ಮಾತೇ ಜಾಸ್ತಿ ಅನಿಸಿತು. ಆಗ ಆ ಮಾತೇ ನಮಗೆ ಸ್ಟೈಲು. ಕನ್ನಡಿ ಮುಂದೆ ನಾನೂ ಕೈ ಆಡಿಸಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಚಿತ್ರಮಂಜರಿ, ಮುಕಾಬಲಾ ಎರಡರಲ್ಲಿ ನನ್ನ ಓಟು ಚಿತ್ರಮಂಜರಿಗೆ. ನಡುವೆ ಬಂದು ಯಾರೂ ತಲೆ ತಿನ್ನುತ್ತಿರಲಿಲ್ಲ, ಅಷ್ಟು ಸಾಕು. ಆದರೆ ನಗು ಬೇಕು ಅಂದರೆ ಎರಡೂ ಬೇಡ. ಆಮೇಲೆ ಬಂದ ಫೋನ್-ಇನ್ ಕಾರ್ಯಕ್ರಮಗಳೇ ಬೇಕು. ಫೋನ್ ಮಾಡಿ ಹಾಡು ಕೇಳೋದು, ಅಷ್ಟೇ. ಅಷ್ಟೇ ಅಂದುಕೊಂಡು ನಾನೂ ಒಂದು ಸಂಜೆ ಎಸ್‌ಟಿಡಿ ಬೂತಿಗೆ ಹೋದೆ. ಹದಿನೈದು ಇಪ್ಪತ್ತು ಸಲ ಎಂಗೇಜು. ಹಿಂದೆ ನಿಂತವರು ಗೊಣಗುತ್ತಿದ್ದರು. ಸಿಕ್ಕಿಬಿಟ್ಟಿತು!

"ಎಲ್ಲಿಂದ ಮಾತಾಡ್ತಿದ್ದೀರಾ?"

"ತುಮಕೂರಿಂದ ಮೇಡಂ."

"ಓ ತುಮಕೂರು! ಟಿವಿ ವಾಲ್ಯೂಮ್ ಕಮ್ಮಿ ಮಾಡಿ ಪ್ಲೀಸ್."

ಬೂತಿನಲ್ಲಿ ಟಿವಿ ಎಲ್ಲಿಂದ ಬರಬೇಕು? "ಮಾಡಿದೆ ಮೇಡಂ" ಅಂದೆ.

"ಊಟ ಆಯ್ತಾ? ಏನ್ ಊಟ?"

ಕಣ್ಣೆದುರಿಗೆ ಮೀಟರಿನ ಕೆಂಪು ಅಂಕಿಗಳು ಓಡುತ್ತಿವೆ. ತಿಂದು ಬಂದಿದ್ದು ಮುದ್ದೆ, ಬಸ್ಸಾರು. ಇಡೀ ಕರ್ನಾಟಕ ಕೇಳುತ್ತಿದೆ ಅನ್ನೋ ಭಯಕ್ಕೆ ಬಾಯಲ್ಲಿ ಬಂದಿದ್ದು "ಚಪಾತಿ, ಕುರ್ಮಾ". ಕೇಳಿದ ಹಾಡು ಒಂದು, ಹಾಕಿದ್ದು ಇನ್ನೊಂದು. ಅದೂ ನನಗೆ ಆಮೇಲೆ ಗೊತ್ತಾಗಿದ್ದು, ತಂಗಿ ಹೇಳಿದ ಮೇಲೆ. ಯಾಕಂದರೆ ಹಾಡು ಬರುವಾಗ ನಾನು ಬೂತಿನವನಿಗೆ ಚಿಲ್ಲರೆ ಎಣಿಸುತ್ತಿದ್ದೆ.

ಮನೆಗೆ ಬಂದರೆ ಅಮ್ಮ ಏನೂ ಕೇಳಲಿಲ್ಲ. ಮಾರನೇ ದಿನ ರಾತ್ರಿ ತಟ್ಟೆಗೆ ಎರಡು ಮುದ್ದೆ ಇಟ್ಟು, "ತಗೋಪ್ಪಾ, ಚಪಾತಿ" ಅಂದರು.