ಅಕ್ಕಿ ತೂಗುವ ಮೊದಲು ಹೆಬ್ಬೆಟ್ಟು ಕೊಡಬೇಡಿ

ರೇಷನ್ ಅಂಗಡಿಯಲ್ಲಿ "ಇವತ್ತು ತಂಬ್ ಕೊಟ್ಟು ಹೋಗಿ, ಅಕ್ಕಿ ಆಮೇಲೆ" ಎಂದರೆ ದಯವಿಟ್ಟು ಒಪ್ಪಬೇಡಿ. 2025ರ ಮಳೆಗಾಲದಲ್ಲಿ ನಮ್ಮ ಪಕ್ಕದ ಮನೆ ಅಜ್ಜಿಗೆ ಹೀಗೇ ಆಯಿತು.

ಮನೆಯಲ್ಲಿ ಅಜ್ಜಿ, ಮಗಳು, ಇಬ್ಬರು ಮೊಮ್ಮಕ್ಕಳು. ಬಿಪಿಎಲ್ ಕಾರ್ಡ್. ಆಗ ತಲೆಗೆ 10 ಕೆಜಿ ಇತ್ತು: ಆಹಾರ ಭದ್ರತಾ ಕಾಯ್ದೆಯ 5 ಕೆಜಿ, ಅದರ ಮೇಲೆ ಅನ್ನಭಾಗ್ಯದ 5 ಕೆಜಿ. ಈ ಎರಡನೆಯದರ ಬದಲು 2023ರಿಂದ ತಲೆಗೆ 170 ರೂಪಾಯಿ ಖಾತೆಗೆ ಬರುತ್ತಿತ್ತು, 2025ರಲ್ಲಿ ಮತ್ತೆ ಅಕ್ಕಿಯನ್ನೇ ಕೊಡಲು ಶುರು ಮಾಡಿದ್ದರು. ನಾಲ್ಕು ಜನಕ್ಕೆ 40 ಕೆಜಿ. ಮಗಳು ಮನೆಗೆಲಸ ಮಾಡಿ ದುಡಿಯುವವಳು. ಆ ಅಕ್ಕಿ ಬಂದರೆ ತಿಂಗಳು ಹೇಗೋ ಸಾಗುತ್ತದೆ.

ಸೊಸೈಟಿಯಲ್ಲಿ ತಿಂಗಳ ಮೊದಲ ವಾರವೇ ಎಲ್ಲರ ಹೆಬ್ಬೆಟ್ಟು ತೆಗೆದುಕೊಂಡರು. ಮಿಷನ್‌ನಿಂದ ಬರುವ ಬಿಲ್ ಕೊಡಲಿಲ್ಲ. ಸಿಗರೇಟ್ ಪ್ಯಾಕಿನ ರಟ್ಟು ಹರಿದು, ಅದರ ಮೇಲೆ ಪೆನ್ನಿನಲ್ಲಿ ಒಂದು ನಂಬರ್ ಬರೆದು ಕೈಗಿಟ್ಟರು. ಅಜ್ಜಿ ಅದನ್ನು ಎಲೆ-ಅಡಿಕೆ ಚೀಲದಲ್ಲಿ ಜೋಪಾನ ಮಾಡಿದರು. ಕೇಳಲು ಹೋದಾಗೆಲ್ಲ "ಸ್ಟಾಕ್ ಬಂದಿಲ್ಲ". ತಿಂಗಳ ಕೊನೆಗೆ "ಖಾಲಿಯಾಯ್ತು, ಮುಂದಿನ ತಿಂಗಳು ಸೇರಿಸಿ ಕೊಡ್ತೀವಿ". ಮುಂದಿನ ತಿಂಗಳು ಹೋದರೆ "ಹೋದ ತಿಂಗಳದ್ದು ತಗೊಂಡಿದ್ದೀರಲ್ಲಮ್ಮ, ಮಿಷನ್‌ನಲ್ಲಿ ತೋರಿಸ್ತಿದೆ!"

ಮೋಸ ಇರುವುದು ಇಲ್ಲೇ. ಹೆಬ್ಬೆಟ್ಟು ಒತ್ತಿದ ಕ್ಷಣವೇ ಸರ್ಕಾರದ ಲೆಕ್ಕದಲ್ಲಿ ನಿಮ್ಮ ಅಕ್ಕಿ ನಿಮಗೆ ಸೇರಿದಂತೆ. ಆಮೇಲೆ ಬೇರೆ ಅಂಗಡಿಗೆ ಹೋಗಿಯೂ ಪ್ರಯೋಜನ ಇಲ್ಲ. ಹೆಬ್ಬೆಟ್ಟು ಕೊಡದಿದ್ದರೆ ದಾರಿ ಇರುತ್ತದೆ. ಈಗ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ರೇಷನ್ ಪಡೆಯಬಹುದು, ನಿಮ್ಮ ಸೊಸೈಟಿಯೇ ಆಗಬೇಕೆಂದಿಲ್ಲ. ಇದು ತುಂಬಾ ಜನಕ್ಕೆ ಗೊತ್ತೇ ಇಲ್ಲ.

ನಾನು ಅಜ್ಜಿ ಜೊತೆ ಆಹಾರ ಇಲಾಖೆಯ ಕಚೇರಿಗೆ ಹೋದೆ. ಅಲ್ಲಿ ಕೇಳಿದ ಮೊದಲ ಮಾತು, "ಬಿಲ್ ಎಲ್ಲಿ?" ಎಲ್ಲಿಂದ ತರೋದು? ರೇಷನ್ ದೂರಿನ ಸಹಾಯವಾಣಿ 1967ಕ್ಕೆ ಫೋನ್ ಮಾಡಿ ದೂರು ಬರೆಸಿದೆವು. ಆಮೇಲೆ ನಮ್ಮ ಬೀದಿಯಲ್ಲಿ ಇಂಥದ್ದೇ ರಟ್ಟಿನ ಚೂರು ಇದ್ದವರನ್ನೆಲ್ಲ ಕರೆದುಕೊಂಡು ಮತ್ತೆ ಹೋದೆವು. ಒಬ್ಬರೇ ಹೋದಾಗ ಸಿಗದ ಉತ್ತರ ಗುಂಪಾಗಿ ಹೋದಾಗ ಸಿಕ್ಕಿತು. ಇನ್‌ಸ್ಪೆಕ್ಟರ್ ಅಂಗಡಿಗೆ ಬಂದರು, ಬಾಕಿ ಅಕ್ಕಿ ಕೊಡಿಸಿದರು. ಆದರೆ ಅಷ್ಟು ದಿನ ಆ ಮಕ್ಕಳ ಊಟ ಕಿರಾಣಿ ಅಂಗಡಿಯ ಸಾಲದ ಮೇಲೆ ನಡೆದಿತ್ತು. ಆ ಸಾಲ ತೀರಿಸಿದ್ದು ಅಂಗಡಿಯವನಲ್ಲ, ಅಜ್ಜಿಯ ಮಗಳು.

ಅಂಗಡಿಯವರಿಗೂ ಕಮಿಷನ್ ತಡವಾಗಿ ಬರುತ್ತದೆ, ಸ್ಟಾಕ್ ಕೂಡ ಒಮ್ಮೊಮ್ಮೆ ತಡವಾಗುತ್ತದೆ, ಒಪ್ಪುತ್ತೇನೆ. ಸ್ಟಾಕ್ ಇಲ್ಲ ಅಂದ್ರೆ ಹೆಬ್ಬೆಟ್ಟು ಯಾಕೆ ಬೇಕು?

ವಯಸ್ಸಾದವರ, ಕೂಲಿ ಮಾಡುವವರ ಬೆರಳು ಮಿಷನ್‌ಗೆ ಬೀಳದೇ ಇರಬಹುದು. ಅದಕ್ಕೆ ಬರಿಗೈಯಲ್ಲಿ ವಾಪಸ್ ಕಳಿಸಿದರೆ ಸುಮ್ನೆ ಬರಬೇಡಿ. 2017ರ ಸೆಪ್ಟೆಂಬರಿನಲ್ಲಿ ಜಾರ್ಖಂಡಿನ ಸಿಮ್ಡೇಗಾ ಜಿಲ್ಲೆಯಲ್ಲಿ 11 ವರ್ಷದ ಹುಡುಗಿ ಸತ್ತಳು. ಆಧಾರ್ ಜೋಡಣೆ ಆಗದೆ ರೇಷನ್ ನಿಂತಿತ್ತು, ಮಗಳು ಅನ್ನ ಅನ್ನ ಎನ್ನುತ್ತಲೇ ಹೋದಳು ಎಂದು ತಾಯಿ ಹೇಳಿದ್ದರು. ಅದಾದ ಮೇಲೆ, ಆಧಾರ್ ಕಾರಣಕ್ಕೆ ಅರ್ಹರಿಗೆ ರೇಷನ್ ನಿರಾಕರಿಸಬಾರದು ಎಂದು ಕೇಂದ್ರ ಸರ್ಕಾರವೇ ರಾಜ್ಯಗಳಿಗೆ ಬರೆಯಿತು.

ತೂಕದ ಕಡೆಗೂ ಕಣ್ಣಿರಲಿ. ನಮ್ಮ ಸೊಸೈಟಿಯಲ್ಲಿ ತಕ್ಕಡಿಯ ನಂಬರ್ ಗೋಡೆ ಕಡೆ ತಿರುಗಿಸಿಟ್ಟಿದ್ದರು. ತಿರುಗಿಸಿ ಅಂತ ಕೇಳಿ. ಚೀಲ ಎತ್ತಿಕೊಳ್ಳುವ ಮೊದಲು ಮಿಷನ್ ಬಿಲ್ ತೆಗೆದುಕೊಳ್ಳಿ. ಅಕ್ಕಿಗೆ ದುಡ್ಡು ಕೊಡಬೇಕಿಲ್ಲ, ಸೋಪು, ಟೀಪುಡಿ ತಗೊಂಡ್ರೆ ಮಾತ್ರ ಅಕ್ಕಿ ಎಂದರೆ ಅದೂ ತಪ್ಪೇ.

ಈಗಾಗಲೇ ಹೆಬ್ಬೆಟ್ಟು ಕೊಟ್ಟು ಕಾಯುತ್ತಿದ್ದರೆ ತಿಂಗಳು ಮುಗಿಯುವ ತನಕ ಸುಮ್ಮನಿರಬೇಡಿ. ಟೋಕನ್ ಚೀಟಿಯ ಫೋಟೊ ತೆಗೆದಿಡಿ, ತಾರೀಖು ಬರೆದುಕೊಳ್ಳಿ, ರೇಷನ್ ಕಾರ್ಡ್ ಕೈಯಲ್ಲಿಟ್ಟುಕೊಂಡು 1967ಕ್ಕೆ ಫೋನ್ ಮಾಡಿ. ದೂರಿನ ನಂಬರ್ ಕೇಳಿ ಬರೆದುಕೊಳ್ಳದೆ ಫೋನ್ ಇಡಬೇಡಿ.