ಎಫ್‌ಪಿಎಲ್‌ನಲ್ಲಿ ಒಂಬತ್ತು ಸೀಸನ್: ಆಟಗಾರರ ಬೆಲೆ, ತಂಡದ ಬಜೆಟ್ ಮತ್ತು 0.1ರ ಲೆಕ್ಕ

ಇಂಗ್ಲೆಂಡಿನ ಫುಟ್‌ಬಾಲ್ ಪಂದ್ಯಾವಳಿ ಪ್ರೀಮಿಯರ್ ಲೀಗ್ ನಡೆಸುವ ಅಧಿಕೃತ ಫ್ಯಾಂಟಸಿ ಆಟವನ್ನು (ನಿಜವಾದ ಆಟಗಾರರಿಂದ ಕಾಲ್ಪನಿಕ ತಂಡ ಕಟ್ಟಿ, ಪಂದ್ಯಗಳಲ್ಲಿ ಅವರ ಸಾಧನೆಗೆ ಪಾಯಿಂಟ್ ಗಳಿಸುವ ಆಟ), ಅಂದರೆ ಎಲ್ಲರೂ ಎಫ್‌ಪಿಎಲ್ ಎಂದು ಕರೆಯುವ ಆಟವನ್ನು, ನಾನು 2016-17ರ ಸೀಸನ್‌ನಿಂದ 2024-25ರವರೆಗೆ ಒಂದು ವಾರವೂ ಬಿಡದೆ ಆಡಿದ್ದೇನೆ. ಆಡಲು ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ. ಕಾಲೇಜಿನ ಏಳು ಗೆಳೆಯರು ಸೇರಿ ಮಾಡಿಕೊಂಡ ನಮ್ಮ ಪುಟ್ಟ ಲೀಗ್‌ನಲ್ಲಿ ನಾನು ಶಿವಮೊಗ್ಗದಿಂದ ಆಡುತ್ತೇನೆ, ಐವರು ಬೆಂಗಳೂರಿನಲ್ಲಿದ್ದಾರೆ, ಒಬ್ಬ ಇಂಗ್ಲೆಂಡಿನಲ್ಲಿದ್ದಾನೆ. ಆಟದ ಎಲ್ಲ ಮಗ್ಗುಲುಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಆಟಗಾರರ ಬೆಲೆ ಏರಿಳಿಯುವ ವ್ಯವಸ್ಥೆ ಮತ್ತು ಅದರೊಳಗೆ ಬಜೆಟ್ ನಿಭಾಯಿಸುವ ಕೆಲಸ, ಇವೆರಡರ ಬಗ್ಗೆ ಮಾತ್ರ ಬರೆಯುತ್ತೇನೆ. ಹೊಸಬರು ಹೆಚ್ಚು ಎಡವುವುದು ಅಲ್ಲಿಯೇ, ಮತ್ತು ನನ್ನ ಅನುಭವದಲ್ಲಿ ಈ ಆಟದ ಅತ್ಯುತ್ತಮ ಯೋಚನೆಯೂ ಅತ್ಯಂತ ದುರ್ಬಲವಾದ ಭಾಗವೂ ಇರುವುದು ಅಲ್ಲಿಯೇ.

ತಿಳಿಯದವರಿಗಾಗಿ ನಿಯಮವನ್ನು ಚುಟುಕಾಗಿ ಹೇಳುತ್ತೇನೆ. ಸೀಸನ್ ಆರಂಭದಲ್ಲಿ ಪ್ರತಿಯೊಬ್ಬರಿಗೂ 100 ಮಿಲಿಯನ್ ಪೌಂಡ್‌ಗಳ ಕಾಲ್ಪನಿಕ ಬಜೆಟ್ ಸಿಗುತ್ತದೆ. ಅದರಲ್ಲಿ 2 ಗೋಲ್‌ಕೀಪರ್, 5 ಡಿಫೆಂಡರ್, 5 ಮಿಡ್‌ಫೀಲ್ಡರ್, 3 ಫಾರ್ವರ್ಡ್, ಹೀಗೆ 15 ಆಟಗಾರರನ್ನು ಕೊಳ್ಳಬೇಕು, ಮತ್ತು ಒಂದೇ ಕ್ಲಬ್‌ನಿಂದ ಮೂವರಿಗಿಂತ ಹೆಚ್ಚು ಜನ ಇರುವಂತಿಲ್ಲ. ಮೊದಲ ಡೆಡ್‌ಲೈನ್, ಅಂದರೆ ತಂಡ ಬದಲಿಸಲು ಇರುವ ಗಡುವು, ಮುಗಿಯುವವರೆಗೆ ಬೆಲೆಗಳು ಅಲುಗಾಡುವುದಿಲ್ಲ. ಆಮೇಲೆ, ಯಾರನ್ನು ಎಷ್ಟು ಜನ ಕೊಳ್ಳುತ್ತಿದ್ದಾರೆ, ಎಷ್ಟು ಜನ ಮಾರುತ್ತಿದ್ದಾರೆ ಎಂಬುದರ ಮೇಲೆ ಬೆಲೆ ದಿನಕ್ಕೆ 0.1ರಂತೆ ಏರುತ್ತದೆ ಅಥವಾ ಇಳಿಯುತ್ತದೆ. ಮುಂದೆ ಬರೆಯುವ ಬೆಲೆಯ ಅಂಕಿಗಳೆಲ್ಲವೂ ಮಿಲಿಯನ್ ಪೌಂಡ್‌ಗಳೇ ಎಂದು ಓದಿಕೊಳ್ಳಬೇಕು.

ಈ ಆಟದ ಅತ್ಯುತ್ತಮ ಯೋಚನೆ ಎಂದು ನಾನು ಕರೆದದ್ದು ಅರ್ಧ ಲಾಭದ ನಿಯಮವನ್ನು. ನೀವು ಕೊಂಡ ಆಟಗಾರನ ಬೆಲೆ ಏರಿದರೆ, ಮಾರುವಾಗ ಆ ಏರಿಕೆಯ ಅರ್ಧ ಮಾತ್ರ ನಿಮ್ಮ ಕೈಗೆ ಬರುತ್ತದೆ, ಅದೂ 0.1ರ ಪೂರ್ಣ ಅಂಕಿಗೆ ಇಳಿಸಿ. 7.0ಕ್ಕೆ ಕೊಂಡವನು 7.1 ಆದರೆ ಮಾರಿದಾಗ ಸಿಗುವುದು 7.0. ಆತ 7.2 ಆದಾಗ 7.1 ಸಿಗುತ್ತದೆ, 7.3 ಆದರೂ ಅದೇ 7.1. ಬೆಲೆ ಕೊಂಡದ್ದಕ್ಕಿಂತ ಕೆಳಗಿಳಿದರೆ ಮಾತ್ರ ನಷ್ಟ ಪೂರ್ತಿ ನಮ್ಮದೇ. ಈ ಲೆಕ್ಕದೊಳಗೆ ಒಂದು ಸೂಕ್ಷ್ಮವಿದೆ, ಅದನ್ನು ಅರಿಯಲು ನನಗೆ ಎರಡು ಸೀಸನ್ ಬೇಕಾಯಿತು. 7.3ರಿಂದ 7.2ಕ್ಕೆ ಇಳಿದಾಗ ನಾವು ಏನನ್ನೂ ಕಳೆದುಕೊಳ್ಳುವುದಿಲ್ಲ, ಆದರೆ 7.2ರಿಂದ 7.1ಕ್ಕೆ ಇಳಿದಾಗ 0.1 ಹೋಗುತ್ತದೆ. ಹಾಗಾಗಿ "ನನ್ನ ಆಟಗಾರನ ಬೆಲೆ ಇಂದು ಬೀಳುತ್ತದೆ, ಈಗಲೇ ಮಾರಿಬಿಡಬೇಕು" ಎಂದು ಗಾಬರಿಯಾಗುವ ಮೊದಲು ಕೊಂಡ ಬೆಲೆ ಎಷ್ಟಿತ್ತು ಎಂದು ನೋಡಿಕೊಳ್ಳಬೇಕು. ಎಷ್ಟೋ ಸಲ ಆ ಇಳಿತ ನಮ್ಮ ಗಂಟಿಗೆ ಕೈ ಹಾಕಿರುವುದೇ ಇಲ್ಲ.

ನಾನು ವೃತ್ತಿಯಿಂದ ಲೆಕ್ಕಪತ್ರ ಬರೆಯುವವನು. ಮೂರನೆಯ ಸೀಸನ್‌ನಿಂದ ಒಂದು ಇನ್ನೂರು ಪುಟದ ನೋಟ್‌ಬುಕ್‌ನಲ್ಲಿ ನಾಲ್ಕು ಕಾಲಂ ಹಾಕಿಕೊಂಡು ಆಟಗಾರನ ಹೆಸರು, ಕೊಂಡ ಬೆಲೆ, ಇಂದಿನ ಬೆಲೆ, ಮಾರಿದರೆ ಸಿಗುವ ಬೆಲೆ ಎಂದು ಬರೆಯುತ್ತ ಬಂದಿದ್ದೇನೆ. ಆಟಗಾರರನ್ನು ಮಾರಿ ಕೊಳ್ಳುವ ಟ್ರಾನ್ಸ್‌ಫರ್ ಪುಟದಲ್ಲಿ ಮಾರುವ ಬೆಲೆ ಹೇಗೂ ಕಾಣಿಸುತ್ತದೆ. ಆದರೂ ಹದಿನೈದು ಸಾಲುಗಳನ್ನು ಒಟ್ಟಿಗೆ ಕಣ್ಣಾಡಿಸಿದಾಗ ಯಾವ ಆಟಗಾರನಲ್ಲಿ ಹಣ ಸಿಕ್ಕಿಕೊಂಡಿದೆ, ಯಾರನ್ನು ಬಿಟ್ಟರೆ ಮರಳಿ ಕೊಳ್ಳುವುದು ದುಬಾರಿಯಾಗುತ್ತದೆ ಎಂಬುದು ತಿಳಿಯುವ ರೀತಿಯೇ ಬೇರೆ. ಹೊಸದಾಗಿ ಆಡುವವರಿಗೆ ನಾನು ಕೊಡುವ ಮೊದಲ ಸಲಹೆ ಈ ನಾಲ್ಕು ಕಾಲಂಗಳದ್ದೇ.

ಬೆಲೆ ಬದಲಾಗುವುದು ಇಂಗ್ಲೆಂಡಿನಲ್ಲಿ ಮಧ್ಯರಾತ್ರಿ ಕಳೆದು ಸುಮಾರು 1.30ಕ್ಕೆ. ನಮ್ಮಲ್ಲಿ ಅದು ಬೇಸಿಗೆಯ ಸಮಯದಲ್ಲಿ ಬೆಳಿಗ್ಗೆ 6ರ ಹೊತ್ತು, ಅಕ್ಟೋಬರ್ ಕೊನೆಯಲ್ಲಿ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ 7ರ ಹೊತ್ತು. ಇಂಗ್ಲೆಂಡಿನ ಗೆಳೆಯ ನಿದ್ದೆಗೆಟ್ಟು ನೋಡಬೇಕಾದದ್ದನ್ನು ನಾನು ಒಲೆಯ ಮೇಲೆ ಹಾಲಿಟ್ಟು, ಅದು ಉಕ್ಕುವುದರೊಳಗೆ ನೋಡಿ ಮುಗಿಸುತ್ತೇನೆ. ಭಾರತದಲ್ಲಿ ಆಡುವವರಿಗೆ ಇದು ನಿಜವಾದ ಅನುಕೂಲ. ಡೆಡ್‌ಲೈನ್ ವಿಷಯದಲ್ಲೂ ನಮ್ಮ ಪಾಲಿಗೆ ಒಳ್ಳೆಯದೇ ಆಗಿದೆ: ಮೊದಲ ಪಂದ್ಯಕ್ಕೆ 90 ನಿಮಿಷ ಮುಂಚೆ ಅದು ಮುಗಿಯುವುದರಿಂದ, ಶನಿವಾರ ಮಧ್ಯಾಹ್ನ 12.30ಕ್ಕೆ ಅಲ್ಲಿ ಆಟ ಶುರುವಾಗುವ ವಾರಗಳಲ್ಲಿ ನಮಗೆ ಮಧ್ಯಾಹ್ನ 3.30 ಅಥವಾ 4.30ರವರೆಗೆ ಸಮಯವಿರುತ್ತದೆ. ಶುಕ್ರವಾರ ರಾತ್ರಿ ಪಂದ್ಯವಿದ್ದರೆ ಮಾತ್ರ ಎಚ್ಚರ ಬೇಕು. ಆಗ ಡೆಡ್‌ಲೈನ್ ರಾತ್ರಿ 11 ಅಥವಾ 12ಕ್ಕೆ ಬಂದುಬಿಡುತ್ತದೆ.

ಬೆಳಗಿನ ಈ ಅಭ್ಯಾಸ ನನಗೆ ಒಂದು ಕಾಲದಲ್ಲಿ ಬಹಳ ನಷ್ಟ ಮಾಡಿತು. ಐದನೆಯ ಸೀಸನ್‌ನ ಒಂದು ಮಂಗಳವಾರ, ನಾನು ಕೊಳ್ಳಬೇಕೆಂದಿದ್ದ ಮಿಡ್‌ಫೀಲ್ಡರ್‌ನ ಬೆಲೆ ಮರುದಿನ ಏರುವುದು ಖಚಿತ ಎಂದು ಬೆಲೆ ಮುನ್ಸೂಚನೆ ಕೊಡುವ ಖಾಸಗಿ ತಾಣವೊಂದು ಹೇಳಿತು. ಆತನನ್ನು ಕೊಂಡರೆ ಬ್ಯಾಂಕಿನಲ್ಲಿ, ಅಂದರೆ ಖರ್ಚಾಗದ ಬಜೆಟ್‌ನಲ್ಲಿ, ಉಳಿಯುತ್ತಿದ್ದದ್ದು ಸರಿಯಾಗಿ 0.0. ಇಂದು ಕೊಳ್ಳದಿದ್ದರೆ ಇನ್ನು ಸಾಧ್ಯವೇ ಇಲ್ಲ ಎಂದು ಆ ರಾತ್ರಿಯೇ ಕೊಂಡೆ. ಬೆಳಿಗ್ಗೆ ನೋಡಿದರೆ ಬೆಲೆ ಏರಿರಲಿಲ್ಲ. ಬುಧವಾರ ಯುರೋಪಿನ ಕ್ಲಬ್ ಟೂರ್ನಿಯ ಪಂದ್ಯದಲ್ಲಿ ಆತ ಕುಂಟುತ್ತ ಹೊರಗೆ ಬಂದ, ಶುಕ್ರವಾರದ ಪತ್ರಿಕಾಗೋಷ್ಠಿಯಲ್ಲಿ ಮೂರು ವಾರ ಆಡುವುದಿಲ್ಲವೆಂದು ಮ್ಯಾನೇಜರ್ ತಿಳಿಸಿದರು. ಪಾಯಿಂಟ್ ತೆರದೆ ಆಟಗಾರನನ್ನು ಬದಲಿಸುವ ಉಚಿತ ಟ್ರಾನ್ಸ್‌ಫರ್ ಆಗಲೇ ಮುಗಿದಿದ್ದರಿಂದ ಇನ್ನೊಬ್ಬನನ್ನು ತರಲು 4 ಪಾಯಿಂಟ್ ತೆರಬೇಕಾಯಿತು. ಸಿಗದೇ ಹೋದ 0.1ರ ಲಾಭಕ್ಕಾಗಿ 4 ಪಾಯಿಂಟ್ ಕಳೆದ ಆ ವಾರವನ್ನು ನೋಟ್‌ಬುಕ್‌ನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೇನೆ. ಅಂದಿನಿಂದ ಯುರೋಪಿನ ಪಂದ್ಯವಿರುವ ಕ್ಲಬ್‌ನ ಆಟಗಾರನನ್ನು ಗುರುವಾರ ರಾತ್ರಿಗೆ ಮೊದಲು ಕೊಳ್ಳುವುದಿಲ್ಲ. ವಾರದ ನಡುವೆ ಪಂದ್ಯವಿಲ್ಲದ ಕ್ಲಬ್‌ನವನಾದರೆ, ಮತ್ತು ಏರಿಕೆ ಆತನನ್ನು ನನ್ನ ಕೈಗೆಟುಕದಂತೆ ಮಾಡುವುದಾದರೆ ಮಾತ್ರ, ಬೇಗ ಕೊಳ್ಳುತ್ತೇನೆ.

ಇಲ್ಲಿಯೇ ನನ್ನ ಮುಖ್ಯ ಆಕ್ಷೇಪವಿದೆ. ಎಷ್ಟು ಟ್ರಾನ್ಸ್‌ಫರ್ ಆದರೆ ಬೆಲೆ ಬದಲಾಗುತ್ತದೆ ಎಂಬ ಸೂತ್ರವನ್ನು ನಾನು ಆಡಿದ ಈ ಒಂಬತ್ತು ಸೀಸನ್‌ಗಳಲ್ಲಿ ಆಟ ಬಹಿರಂಗಪಡಿಸಲಿಲ್ಲ. ಬೇಡಿಕೆಯ ಆಧಾರದ ಮೇಲೆ ಬೆಲೆ ಬದಲಾಗುತ್ತದೆ ಎನ್ನುವ ವಿವರಣೆ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ. ಅದರಿಂದಾಗಿಯೇ ಮುನ್ಸೂಚನೆಯ ತಾಣಗಳು ಹುಟ್ಟಿಕೊಂಡಿವೆ. ಅವುಗಳ ಅಂದಾಜು ಹಲವು ಸಲ ಸರಿಯಾಗುತ್ತದೆ, ಕೆಲವೊಮ್ಮೆ ತಪ್ಪುತ್ತದೆ, ಮತ್ತು ಅವುಗಳನ್ನು ನೋಡುವವರಿಗೂ ನೋಡದವರಿಗೂ ನಡುವೆ ಫುಟ್‌ಬಾಲ್ ಜ್ಞಾನಕ್ಕೆ ಸಂಬಂಧವಿಲ್ಲದ ಒಂದು ಅಂತರ ಬೆಳೆಯುತ್ತದೆ. ಪ್ರತಿ ಆಟಗಾರನ ಹೆಸರಿನ ಮುಂದೆ ಏರಿಕೆಗೆ ಎಷ್ಟು ಹತ್ತಿರವಿದ್ದಾನೆಂದು ತೋರಿಸುವ ಒಂದು ಪಟ್ಟಿಯನ್ನು ಆಟವೇ ಕೊಟ್ಟರೆ, ಮಕ್ಕಳನ್ನು ಶಾಲೆಗೆ ಕಳಿಸಿ ರಾತ್ರಿ ಹತ್ತು ನಿಮಿಷ ಮಾತ್ರ ಬಿಡುವಿರುವ ನಮ್ಮಂಥವರಿಗೂ ನ್ಯಾಯ ಸಿಗುತ್ತದೆ.

ಹಾಗಾದರೆ ತಂಡದ ಮೌಲ್ಯ ಬೆಳೆಸುವುದು ಎಷ್ಟು ಮುಖ್ಯ? ನನ್ನ ಉತ್ತರ ಸೀಸನ್‌ನ ಹೊತ್ತನ್ನು ಅವಲಂಬಿಸಿದೆ. ಮೊದಲ ಆರೆಂಟು ಗೇಮ್‌ವೀಕ್‌ಗಳಲ್ಲಿ, ಅಂದರೆ ಪಂದ್ಯಗಳ ಸುತ್ತುಗಳಲ್ಲಿ, ಅದು ಮುಖ್ಯ. ಆಗ ಲಕ್ಷಾಂತರ ಜನ ಒಂದೇ ದಿಕ್ಕಿಗೆ ಓಡುತ್ತಾರೆ, ಬೆಲೆಗಳು ಬೇಗ ಬದಲಾಗುತ್ತವೆ, ಮತ್ತು ಅಲ್ಲಿ ಗಳಿಸಿದ 0.5 ಉಳಿದ ಮೂವತ್ತು ವಾರ ಕೆಲಸಕ್ಕೆ ಬರುತ್ತದೆ. ಫೆಬ್ರವರಿ ಕಳೆದ ಮೇಲೆ ಅದೇ 0.5ಕ್ಕಾಗಿ ತಂಡವನ್ನು ಕದಲಿಸುವುದರಲ್ಲಿ ಅರ್ಥವಿಲ್ಲ, ಏಕೆಂದರೆ ಖರ್ಚು ಮಾಡಲು ವಾರಗಳೇ ಉಳಿದಿರುವುದಿಲ್ಲ. ಸೀಸನ್ ಕೊನೆಯಲ್ಲಿ ಉಳಿದ ಹಣಕ್ಕೆ ಒಂದು ಪಾಯಿಂಟ್ ಕೂಡ ಸಿಗುವುದಿಲ್ಲ. ನನ್ನ ತಂಡದ ಮೌಲ್ಯ ಅತಿ ಹೆಚ್ಚು ಇದ್ದ ಸೀಸನ್‌ನಲ್ಲಿ ನಮ್ಮ ಲೀಗ್‌ನಲ್ಲಿ ನಾನು ಐದನೆಯವನಾದೆ.

ಬಜೆಟ್‌ನ ನಿಜವಾದ ಪರೀಕ್ಷೆ ದುಬಾರಿ ಆಟಗಾರರ ವಿಷಯದಲ್ಲಿ ನಡೆಯುತ್ತದೆ. ಮ್ಯಾಂಚೆಸ್ಟರ್ ಸಿಟಿಯ ಫಾರ್ವರ್ಡ್ ಅರ್ಲಿಂಗ್ ಹಾಲಂಡ್ 2022-23ರಲ್ಲಿ 11.5ಕ್ಕೆ ಸಿಕ್ಕಿದರು, 36 ಗೋಲು ಹೊಡೆದರು. ಮುಂದಿನ ಸೀಸನ್‌ಗೆ ಅವರ ಬೆಲೆ 14.0 ಆಯಿತು, ಅದರ ಮುಂದಿನದಕ್ಕೆ 15.0. ಆ 2024-25ರಲ್ಲಿ ಲಿವರ್‌ಪೂಲ್‌ನ ಮೊಹಮ್ಮದ್ ಸಲಾ 12.5ಕ್ಕೆ ಲಭ್ಯವಿದ್ದರು. ಇಬ್ಬರನ್ನೂ ಕೊಂಡರೆ 27.5 ಹೋಗಿ, ಉಳಿದ 13 ಜನರಿಗೆ 72.5 ಉಳಿಯುತ್ತಿತ್ತು, ಅಂದರೆ ತಲೆಗೆ ಸರಾಸರಿ 5.6ಕ್ಕೂ ಕಡಿಮೆ. ಹಾಲಂಡ್ ಮೊದಲ 5 ಪಂದ್ಯಗಳಲ್ಲಿ 10 ಗೋಲು ಹೊಡೆದಾಗ ಆ ಖರ್ಚು ಸರಿ ಎನಿಸಿತು. ಮ್ಯಾಂಚೆಸ್ಟರ್ ಸಿಟಿ ಚಳಿಗಾಲದ ಹೊತ್ತಿಗೆ ಕುಸಿಯುತ್ತ ಹೋದಾಗ ಅದೇ 15.0 ತಂಡದ ಕೊರಳಿಗೆ ಕಟ್ಟಿದ ಕಲ್ಲಾಯಿತು. ನಾನು ನವೆಂಬರ್‌ನಲ್ಲಿ ಅವರನ್ನು ಮಾರಿ, ಆ ಹಣವನ್ನು ಮೂರು ಸ್ಥಾನಗಳಿಗೆ ಹಂಚಿದೆ. ಸಲಾ ಅವರನ್ನು ಮಾತ್ರ ಮುಟ್ಟಲಿಲ್ಲ, ಮತ್ತು ಅವರು 29 ಗೋಲು, 18 ಅಸಿಸ್ಟ್‌ಗಳೊಂದಿಗೆ (ಬೇರೆಯವರ ಗೋಲಿಗೆ ಕೊಟ್ಟ ನೆರವು) 344 ಪಾಯಿಂಟ್ ತಂದುಕೊಟ್ಟರು. ಬೆಲೆ ಹೆಚ್ಚೋ ಕಡಿಮೆಯೋ ಎನ್ನುವುದಕ್ಕಿಂತ, ಆ ಬೆಲೆಗೆ ಪ್ರತಿ ವಾರ ನಿಶ್ಚಿಂತೆಯಿಂದ ಕ್ಯಾಪ್ಟನ್ (ಪಾಯಿಂಟ್ ಇಮ್ಮಡಿಯಾಗುವ ಆಟಗಾರ) ಮಾಡಬಹುದೇ ಎಂಬ ಪ್ರಶ್ನೆಯನ್ನು ನಾನು ಕೇಳಿಕೊಳ್ಳಲು ಆರಂಭಿಸಿದ್ದು ಆ ಸೀಸನ್‌ನಿಂದ.

ಅಗ್ಗದ ಆಟಗಾರ ತಂಡವನ್ನು ಎತ್ತಿದ ಉದಾಹರಣೆಗೆ ಕೋಲ್ ಪಾಮರ್ ಸಾಕು. 2023ರ ಸೆಪ್ಟೆಂಬರ್ ಆರಂಭದಲ್ಲಿ ಚೆಲ್ಸಿ ಸೇರಿದಾಗ ಅವರ ಬೆಲೆ 5.0. ಪೆನಾಲ್ಟಿ ಹೊಡೆಯುವ ಹೊಣೆ ಅವರಿಗೆ ಬಂದದ್ದನ್ನು ಅಕ್ಟೋಬರ್‌ನಲ್ಲಿ ಬರ್ನ್‌ಲಿ ವಿರುದ್ಧದ ಪಂದ್ಯದಲ್ಲಿ ನೋಡಿದವರು ಆ ಬೆಲೆಯ ಆಸುಪಾಸಿನಲ್ಲೇ ಕೊಂಡರು. ಸೀಸನ್ ಮುಗಿದಾಗ 244 ಪಾಯಿಂಟ್‌ಗಳೊಂದಿಗೆ ಅವರೇ ಎಲ್ಲರಿಗಿಂತ ಮುಂದಿದ್ದರು, ಮುಂದಿನ ಸೀಸನ್‌ಗೆ ಬೆಲೆ 10.5 ಆಯಿತು. ಪಾಮರ್ ಅವರಿಂದ ಸಿಕ್ಕ ದೊಡ್ಡ ಲಾಭ ಬೆಲೆಯೇರಿಕೆಯ ಅರ್ಧ ಪಾಲಲ್ಲ. ಐದು ಮಿಲಿಯನ್‌ನ ಜಾಗದಲ್ಲಿ ಹತ್ತು ಮಿಲಿಯನ್‌ನ ಆಟಗಾರ ಇದ್ದಂತಾಗಿ, ಉಳಿದ ಹಣ ಬೇರೆಡೆ ದುಡಿದದ್ದೇ ದೊಡ್ಡ ಲಾಭ. ಬಜೆಟ್ ಬೆಳೆಯುವ ನಿಜವಾದ ದಾರಿ ಅದೇ ಎಂದು ನನಗೆ ಅನ್ನಿಸುತ್ತದೆ.

ಏರಿದ ಬೆಲೆ ನಮ್ಮನ್ನು ಕಟ್ಟಿಹಾಕುವುದೂ ಉಂಟು. 2024-25ರಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನ ಕ್ರಿಸ್ ವುಡ್ 6.0ಕ್ಕೆ ಆರಂಭಿಸಿ 7ರ ಗಡಿ ದಾಟಿದರು. ನಾನು 6.2ಕ್ಕೆ ಕೊಂಡಿದ್ದೆ. ಬೆಲೆ 7.2 ಆದಾಗ ಮಾರಿದರೆ ಸಿಗುತ್ತಿದ್ದದ್ದು 6.7, ಮರಳಿ ಕೊಳ್ಳಬೇಕಾದರೆ 0.5 ಹೆಚ್ಚು ಕೊಡಬೇಕು. ಮಾರ್ಚ್‌ನಲ್ಲಿ ಅವರು ನ್ಯೂಜಿಲೆಂಡ್ ಪರ ಆಡುವಾಗ ಗಾಯಗೊಂಡರು. ಆ 0.5ರ ಆಸೆಗೆ ನಾನು ಅವರನ್ನು ಬೆಂಚಿನಲ್ಲಿ ಕೂರಿಸಿಕೊಂಡು, ಇಬ್ಬರೇ ಫಾರ್ವರ್ಡ್‌ಗಳೊಂದಿಗೆ ಆಡಿದೆ. ಮಾರಿ ಬೇರೆಯವರನ್ನು ತಂದಿದ್ದರೆ ಪಾಯಿಂಟ್ ಬರುತ್ತಿತ್ತು ಎಂಬುದು ನೋಟ್‌ಬುಕ್ ನೋಡಿದರೆ ಸ್ಪಷ್ಟವಾಗಿದೆ. ಕೊಂಡ ಬೆಲೆಯ ಮೇಲಿನ ಮೋಹವನ್ನು ಬಿಡುವುದು ಇಷ್ಟು ವರ್ಷಗಳ ನಂತರವೂ ನನಗೆ ಕಷ್ಟವೇ ಆಗಿದೆ.

2024-25ರಲ್ಲಿ ಬಂದ ಒಂದು ಬದಲಾವಣೆಯನ್ನು ಮನಃಪೂರ್ವಕವಾಗಿ ಸ್ವಾಗತಿಸುತ್ತೇನೆ. ಅದುವರೆಗೆ ಉಚಿತ ಟ್ರಾನ್ಸ್‌ಫರ್‌ಗಳನ್ನು ಎರಡರವರೆಗೆ ಮಾತ್ರ ಕೂಡಿಡಬಹುದಿತ್ತು. ಆಗಿನಿಂದ ಐದರವರೆಗೆ ಕೂಡಿಡಬಹುದು. ಕಾದು ಕೂತವನಿಗೆ 0.1ರ ಏರಿಕೆಗಳು ತಪ್ಪಿಹೋಗಬಹುದು, ಆದರೆ ಮೂರು ಟ್ರಾನ್ಸ್‌ಫರ್ ಒಟ್ಟಿಗೆ ಕೈಯಲ್ಲಿದ್ದಾಗ ಒಬ್ಬನನ್ನು ಇಳಿಸಿ ಇನ್ನೊಬ್ಬನನ್ನು ಏರಿಸಿ ಹಣ ಹೊಂದಿಸುವುದು ಸುಲಭವಾಗುತ್ತದೆ. ಹಿಂದೆ ಇದೇ ಕೆಲಸಕ್ಕೆ 4 ಪಾಯಿಂಟ್ ತೆರುತ್ತಿದ್ದೆವು. ಎಷ್ಟು ಜನರನ್ನಾದರೂ ಪಾಯಿಂಟ್ ತೆರದೆ ಬದಲಿಸಬಹುದಾದ ವೈಲ್ಡ್‌ಕಾರ್ಡ್ ಬಳಸುವ ವಾರದಲ್ಲಿ ಏರುವವರನ್ನು ಮೊದಲ ದಿನವೇ ತಂದುಕೊಂಡು, ಉಳಿದವರ ತೀರ್ಮಾನವನ್ನು ಕೊನೆಯ ದಿನಕ್ಕೆ ಇಡಬೇಕು. ಒಂದು ವಾರಕ್ಕೆ ಮಾತ್ರ ತಂಡವನ್ನು ಬದಲಿಸುವ ಫ್ರೀ ಹಿಟ್ ಬಳಸಿದರೆ ಹಳೆಯ ತಂಡ ಹಳೆಯ ಕೊಂಡ ಬೆಲೆಗಳೊಂದಿಗೇ ಮರಳುವುದರಿಂದ ಬಜೆಟ್‌ಗೆ ಪೆಟ್ಟಿಲ್ಲ.

ಐದು ನಕ್ಷತ್ರಗಳಲ್ಲಿ ನಾನು ನಾಲ್ಕು ಕೊಡುತ್ತೇನೆ, ಕಳೆದ ಆ ಒಂದು ಪೂರ್ತಿಯಾಗಿ ಮುಚ್ಚಿಟ್ಟ ಸೂತ್ರಕ್ಕೆ. ಹೊಸ ಸೀಸನ್‌ನ ನೋಟ್‌ಬುಕ್ ತಂದಾಗಿದೆ. ಬೆಂಚಿಗೆ 4.0ರ ಗೋಲ್‌ಕೀಪರ್, 4.5ರ ಒಬ್ಬ ಮಿಡ್‌ಫೀಲ್ಡರ್ ಎಂದು ಮೊದಲೆರಡು ಸಾಲು ಬರೆದಿದ್ದೇನೆ, ಮತ್ತು ಈ ಬಾರಿ ಬ್ಯಾಂಕಿನಲ್ಲಿ 0.5 ಉಳಿಸಿಕೊಂಡೇ ಆರಂಭಿಸುತ್ತೇನೆ.